ನೆಕ್ಸ್ಟ್ ಒತ್ತುವ ಮುನ್ನ: ಸಾಫ್ಟ್‌ವೇರ್ ಜೊತೆ ನುಸುಳುವ ಕಸವನ್ನು ತಡೆಯುವ, ತೆಗೆಯುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಕಂಪ್ಯೂಟರ್ ಅಂಗಡಿಯಾಗಲಿ, ಬೀದರ, ಯಾದಗಿರಿ ಕಡೆಯ ಆನ್‌ಲೈನ್ ಸೆಂಟರ್ ಆಗಲಿ, ದೂರು ಒಂದೇ ತೆರನದು: "ಸಿಸ್ಟಂ ಭಾಳ ಸ್ಲೋ ಆಗ್ಯದ್ರೀ, ಗೂಗಲ್ ತೆಗೆದ್ರ ಬ್ಯಾರೇ ಏನೋ ಬರ್ತದ, ನಾ ಅಂತೂ ಏನೂ ಹಾಕಿಲ್ಲ." ಹಾಕಿಲ್ಲ ಅನ್ನುವುದು ಅರ್ಧ ನಿಜ. ಹಾಕಿದ್ದು ಒಂದು ಪಿಡಿಎಫ್ ಕನ್ವರ್ಟರ್. ಅದರ ಬೆನ್ನಿಗೆ ಹೊಸ ಬ್ರೌಸರ್, ಸರ್ಚ್ ಟೂಲ್‌ಬಾರ್, 'ಪಿಸಿ ಬೂಸ್ಟರ್', ಟ್ರಯಲ್ ಆ್ಯಂಟಿವೈರಸ್ ಬಂದು ಕುಳಿತಿವೆ.

ಆ್ಯಂಟಿವೈರಸ್ ಯಾಕೆ ಸುಮ್ಮನಿತ್ತು ಎಂಬ ಪ್ರಶ್ನೆಗೆ ಉತ್ತರ ಸರಳ: ನೀವು ಒಪ್ಪಿಗೆ ಕೊಟ್ಟಿದ್ದೀರಿ. ಇನ್‌ಸ್ಟಾಲರ್‌ನ ಮೂರನೆಯ ಪರದೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿತು, ನೀವು 'ಅಕ್ಸೆಪ್ಟ್' ಒತ್ತಿದಿರಿ. ಕಾನೂನಿನ ಕಣ್ಣಲ್ಲಿ ಅದು ವೈರಸ್ ಅಲ್ಲ, ಬೇಡದ ಸರಕು. ಹೀಗೆ ಜೊತೆಗೆ ಕಟ್ಟಿ ಕಳಿಸಿದರೆ ಇನ್‌ಸ್ಟಾಲರ್ ಮಾಡಿದವನಿಗೆ ಪ್ರತಿ ಇನ್‌ಸ್ಟಾಲ್‌ಗೆ ಇಷ್ಟು ಎಂದು ಹಣ ಸಿಗುತ್ತದೆ. ದೊಡ್ಡವರೂ ಇದರಿಂದ ಹೊರತಲ್ಲ. ಒರಾಕಲ್ ಕಂಪನಿ ವರ್ಷಗಟ್ಟಲೆ ಜಾವಾ ಜೊತೆ 'ಆಸ್ಕ್' ಟೂಲ್‌ಬಾರ್ ಕಟ್ಟಿ ಕೊಟ್ಟಿತ್ತು. 2015ರಲ್ಲಿ ಸೋರ್ಸ್‌ಫೋರ್ಜ್ ತಾಣ ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದ ವಿಂಡೋಸ್ ಇನ್‌ಸ್ಟಾಲರ್‌ಗೆ ಜಾಹೀರಾತಿನ ಹೊದಿಕೆ ಹಾಕಿ ಹಂಚಿ ಬೈಸಿಕೊಂಡಿತು. ಗಿಂಪ್ ತಂಡ 2013ರಲ್ಲೇ ಆ ತಾಣ ಬಿಟ್ಟು ಹೋಗಿತ್ತು.

ಹಾಗಾಗಿ ಕೆಲಸ ಎರಡು ಕಡೆ ಇದೆ: ಫೈಲು ಎಲ್ಲಿಂದ ಇಳಿಸುತ್ತೀರಿ ಎಂಬುದರಲ್ಲಿ, ಮತ್ತು ಇನ್‌ಸ್ಟಾಲ್ ಆಗುವಾಗಿನ ಎರಡು ಮೂರು ಪರದೆಗಳಲ್ಲಿ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬ್ಯಾಂಕ್, ಆಧಾರ್ ಕೆಲಸಕ್ಕೆ 7 ಇರುವ ಸಿಸ್ಟಂ ಬಳಸುವುದಿದ್ದರೆ ಮುಂದಿನ ಯಾವ ಎಚ್ಚರವೂ ಪೂರ್ತಿ ಕೆಲಸಕ್ಕೆ ಬಾರದು.

ಮೊದಲು, ಅದು ಬೇಕೇ ಬೇಕಾ?

ಹಾಕದ ಸಾಫ್ಟ್‌ವೇರ್ ಜೊತೆ ಕಸ ಬರುವುದಿಲ್ಲ. ನಮ್ಮ ಕಡೆ ಜನ ಹುಡುಕಾಡಿ ಇಳಿಸುವ ಹಲವು ಸಾಧನಗಳು ವಿಂಡೋಸ್ ಒಳಗೇ ಇವೆ.

ಕನ್ನಡ ಟೈಪಿಂಗ್ ನೋಡಿ. ಗೂಗಲ್ ಹಿಂದೆ ವಿಂಡೋಸ್‌ಗೆ ಕೊಡುತ್ತಿದ್ದ ಇನ್‌ಪುಟ್ ಟೂಲ್ಸ್ ಈಗ ಅದರ ತಾಣದಲ್ಲಿ ಇಲ್ಲ. ಆದರೂ ಆ ಹೆಸರಿನಲ್ಲಿ ಹುಡುಕಿದರೆ ಯಾರ್ಯಾರದೋ ತಾಣಗಳು ಸೆಟಪ್ ಫೈಲ್ ಕೊಡಲು ಸಿದ್ಧವಾಗಿವೆ. ಬಲೆಗೆ ಬೀಳುವುದು ಅಲ್ಲೇ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಆ್ಯಂಡ್ ರೀಜನ್‌ಗೆ ಹೋಗಿ 'ಆ್ಯಡ್ ಎ ಲ್ಯಾಂಗ್ವೇಜ್' ಒತ್ತಿ ಕನ್ನಡ ಆರಿಸಿ. ಡಿಸ್‌ಪ್ಲೇ ಭಾಷೆ ಮಾಡುವ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮೆನುಗಳೆಲ್ಲ ಕನ್ನಡವಾಗಿ ಗಿರಾಕಿ ಎದುರಿಗೆ ತಡಕಾಡಬೇಕಾದೀತು. ಆಮೇಲೆ ಕನ್ನಡದ ಎದುರಿನ ಮೂರು ಚುಕ್ಕೆ, ಲ್ಯಾಂಗ್ವೇಜ್ ಆಪ್ಷನ್ಸ್, ಆ್ಯಡ್ ಎ ಕೀಬೋರ್ಡ್, ಕನ್ನಡ ಫೊನೆಟಿಕ್. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. 'ನುಡಿ' ತಂತ್ರಾಂಶದ ಕೀಲಿ ವಿನ್ಯಾಸಕ್ಕೆ ಕೈ ಪಳಗಿದವರಿಗೆ, ಹಳೆಯ ನುಡಿ ಫಾಂಟಿನ ಕಡತ ತೆರೆಯಬೇಕಾದವರಿಗೆ ಮಾತ್ರ ನುಡಿಯೇ ಬೇಕು. ಅದನ್ನು ಸರ್ಕಾರಿ ತಾಣದಿಂದ ಅಥವಾ ಕನ್ನಡ ಗಣಕ ಪರಿಷತ್ತಿನಿಂದಲೇ ತಗೊಳ್ಳಿ, 'ಫ್ರೀ ಡೌನ್‌ಲೋಡ್' ಎಂದು ಬರೆದುಕೊಂಡ ಬ್ಲಾಗಿನಿಂದ ಬೇಡ.

ಪಿಡಿಎಫ್ ಓದಲು ಎಡ್ಜ್ ಸಾಕು. ಫೈಲನ್ನು ಪಿಡಿಎಫ್ ಮಾಡಲು ಪ್ರಿಂಟ್ ಒತ್ತಿ ಪ್ರಿಂಟರ್ ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಆರಿಸಿ. 2023ರ ಕೊನೆಯಿಂದ ವಿಂಡೋಸ್ 11 ಜಿಪ್ ಜೊತೆಗೆ ರಾರ್ ಫೈಲನ್ನೂ ತಾನೇ ತೆರೆಯುತ್ತದೆ. 'ಡ್ರೈವರ್ ಅಪ್‌ಡೇಟರ್', 'ರಿಜಿಸ್ಟ್ರಿ ಕ್ಲೀನರ್', 'ಬೂಸ್ಟರ್' ಜಾತಿಯ ಯಾವುದೂ ಬೇಡ. ಬಿಟ್ಟುಹೋದ ಡ್ರೈವರ್‌ಗಳು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಸಿಗುತ್ತವೆ.

ಸಿಸ್ಟಂಗೆ ಒಮ್ಮೆ ಮಾಡಿಡಬೇಕಾದ ತಯಾರಿ

ವಿಂಡೋಸ್ ಸೆಕ್ಯೂರಿಟಿ ತೆರೆದು 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್', ಅದರೊಳಗೆ 'ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್'ಗೆ ಹೋಗಿ. ಅಲ್ಲಿ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್' ಆನ್ ಮಾಡಿ, ಕೆಳಗಿನ 'ಬ್ಲಾಕ್ ಆ್ಯಪ್ಸ್', 'ಬ್ಲಾಕ್ ಡೌನ್‌ಲೋಡ್ಸ್' ಎರಡಕ್ಕೂ ಟಿಕ್ ಹಾಕಿ. ಒಪ್ಪಿಗೆ ಪಡೆದು ಬರುವ ಕಸವನ್ನು ಹಿಡಿಯಲೆಂದೇ ಇರುವ ಗುಂಡಿ ಇದು. 2020ರ ವಿಂಡೋಸ್ 10 ಆವೃತ್ತಿಯಲ್ಲಿ ಬಂತು, 2021ರಿಂದ ತಾನಾಗಿ ಆನ್ ಆಗಲು ಶುರುವಾಯಿತು. ಹಳೆಯ ಸಿಸ್ಟಂಗಳಲ್ಲಿ ಇನ್ನೂ ಆಫ್ ಇರುವುದು ಉಂಟು. 'ಬ್ಲಾಕ್ ಡೌನ್‌ಲೋಡ್ಸ್' ಎಡ್ಜ್ ಬ್ರೌಸರಿಗೆ ಮಾತ್ರ ಅನ್ವಯ. ಕ್ರೋಮ್ ಬಳಸುವವರಿಗೆ 'ಬ್ಲಾಕ್ ಆ್ಯಪ್ಸ್' ಕಾವಲು.

ಎರಡನೆಯದು, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'. ಫೈಲಿನ ಹೆಸರಿನ ಬಾಲವನ್ನು ವಿಂಡೋಸ್ ಮುಚ್ಚಿಡುತ್ತದೆ. ಹಾಲ್‌ಟಿಕೆಟ್ ಡಾಟ್ ಪಿಡಿಎಫ್ ಎಂದು ಕಂಡದ್ದು ನಿಜಕ್ಕೂ ಹಾಲ್‌ಟಿಕೆಟ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಆಗಿರಬಹುದು. ಬಾಲ ಕಂಡರೆ ಡಬಲ್ ಕ್ಲಿಕ್ ಮಾಡುವ ಕೈ ತಡೆಯುತ್ತದೆ.

ಮೂರನೆಯದು ಅಂಗಡಿಯವರಿಗೆ. ಇಬ್ಬರು ಮೂವರು ಹುಡುಗರು ಕೂರುವ ಸಿಸ್ಟಂನಲ್ಲಿ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಅಕೌಂಟಿನ ಪಾಸ್‌ವರ್ಡ್ ಮಾಲಕರ ಹತ್ತಿರ ಇರಲಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಐದು ನಿಮಿಷದ ಕೆಲಸ. ಇಡೀ ಸಿಸ್ಟಂಗೆ ಇನ್‌ಸ್ಟಾಲ್ ಮಾಡಹೊರಟಾಗಲೆಲ್ಲ ಪಾಸ್‌ವರ್ಡ್ ಕೇಳುತ್ತದೆ. ಒಂದು ತೂತು ಉಳಿಯುತ್ತದೆ: ಆ್ಯಪ್‌ಡೇಟಾ ಎಂಬ ಬಳಕೆದಾರನ ಸ್ವಂತ ಫೋಲ್ಡರಿನೊಳಗೆ ಕೂರುವ ಪ್ರೋಗ್ರಾಂಗಳಿಗೆ ಅಡ್ಮಿನ್ ಒಪ್ಪಿಗೆ ಬೇಕಿಲ್ಲ. ಕಸದ ಬ್ರೌಸರ್‌ಗಳು ಬಹಳಷ್ಟು ಅಲ್ಲೇ ಮನೆ ಮಾಡುತ್ತವೆ.

ಡೌನ್‌ಲೋಡ್: ಅಡ್ಡದಾರಿ ಹಿಡಿಯುವುದು ಇಲ್ಲೇ

ಸರ್ಚ್‌ನಲ್ಲಿ ಮೊದಲು ಬಂದದ್ದೇ ಅಸಲಿ ತಾಣ ಎಂದುಕೊಳ್ಳಬೇಡಿ. 'ಸ್ಪಾನ್ಸರ್ಡ್' ಎಂಬ ಪದವಿದ್ದರೆ ಅದು ದುಡ್ಡು ಕೊಟ್ಟು ಮೇಲೆ ಕೂತದ್ದು, ಅದನ್ನು ದಾಟಿ ಕೆಳಗೆ ಬನ್ನಿ. ವಿಡಿಯೋ ನೋಡುವ ವಿಎಲ್‌ಸಿ ಬೇಕಾದರೆ ವಿಡಿಯೋಲ್ಯಾನ್ ಡಾಟ್ ಆರ್ಗ್. ಹೆಸರು ವಿಎಲ್‌ಸಿ ಆದರೂ ತಾಣದ ಹೆಸರು ಬೇರೆ. ಜಿಪ್ ಫೈಲ್ ತೆರೆಯುವ ಸೆವೆನ್-ಜಿಪ್‌ನ ಅಸಲಿ ವಿಳಾಸದಲ್ಲಿ 7 ಮತ್ತು ಜಿಪ್ ನಡುವೆ ಅಡ್ಡಗೆರೆ ಇದೆ, ಕೊನೆಗೆ ಡಾಟ್ ಆರ್ಗ್. ಅಡ್ಡಗೆರೆ ಇಲ್ಲದ ಡಾಟ್ ಕಾಮ್ ಅದರದ್ದಲ್ಲ. ಇಷ್ಟೇ ವ್ಯತ್ಯಾಸ, ಮೋಸಕ್ಕೆ ಅಷ್ಟು ಸಾಕು.

ಡೌನ್‌ಲೋಡ್ ಪುಟದಲ್ಲಿ ಮೂರು ಹಸಿರು ಗುಂಡಿಗಳಿದ್ದರೆ ಮೂರೂ ಜಾಹೀರಾತು ಇರಬಹುದು, ಅಸಲಿ ಕೊಂಡಿ ಮೂಲೆಯಲ್ಲಿ ಸಣ್ಣಗೆ ನೀಲಿ ಅಕ್ಷರದಲ್ಲಿ ಇರುತ್ತದೆ. ಗುಂಡಿಯ ಮೇಲೆ ಮೌಸ್ ಇಟ್ಟು ಒತ್ತದೆ ನಿಲ್ಲಿ. ಬ್ರೌಸರಿನ ಎಡಗಡೆ ಕೆಳಮೂಲೆಯಲ್ಲಿ ಅದು ಎಲ್ಲಿಗೆ ಒಯ್ಯುತ್ತದೆ ಎಂಬ ವಿಳಾಸ ಬರುತ್ತದೆ.

ನಮ್ಮ ಕಡೆ ಹೆಚ್ಚು ಏಟು ಬೀಳುವುದು ಡ್ರೈವರ್‌ಗಳ ವಿಷಯದಲ್ಲಿ. ಜೆರಾಕ್ಸ್ ಅಂಗಡಿಯ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್, ಗ್ರಾಮ ಒನ್ ಸೆಂಟರಿನ ಬೆರಳ ಗುರುತು ಓದುವ ಯಂತ್ರದ ಆರ್‌ಡಿ ಸರ್ವಿಸ್ (ಆ ಯಂತ್ರವನ್ನು ಆಧಾರ್‌ಗೆ ಜೋಡಿಸುವ ತಂತ್ರಾಂಶ), ಪಂಚಾಯಿತಿ ಮತ್ತು ಗುತ್ತಿಗೆದಾರರ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಡ್ರೈವರ್. ಇವನ್ನು ಹುಡುಕುವವರು ಅವಸರದಲ್ಲಿರುತ್ತಾರೆ, ಎದುರಿಗೆ ಪಾಳಿ ನಿಂತಿರುತ್ತದೆ. ನಕಲಿ ತಾಣಗಳಿಗೆ ಅದು ಗೊತ್ತು. ಯಂತ್ರದ ಹಿಂದೆ ಅಥವಾ ತಳದಲ್ಲಿ ಅಂಟಿಸಿದ ಚೀಟಿ ನೋಡಿ ಮಾಡೆಲ್ ಹೆಸರು ಅಕ್ಷರ ಬಿಡದಂತೆ ಬರೆದುಕೊಳ್ಳಿ, ತಯಾರಕರ ತಾಣದ ಸಪೋರ್ಟ್ ಪುಟದಲ್ಲಿ ಹುಡುಕಿ. ಸರ್ಚ್‌ನಲ್ಲಿ ಸಿಕ್ಕ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಹಚ್ಚಬೇಡಿ. ಆ ಕಡೆಯವನು "ಎನಿಡೆಸ್ಕ್ ಹಾಕ್ರಿ, ನಾನೇ ಮಾಡಿ ಕೊಡ್ತೀನಿ" ಅಂದ ಕೂಡಲೇ ಫೋನ್ ಇಡಿ. ಎನಿಡೆಸ್ಕ್ ಒಳ್ಳೆಯ ಸಾಫ್ಟ್‌ವೇರೇ. ಆದರೆ ಅದರ ಕೋಡ್ ಕೊಟ್ಟರೆ ನಿಮ್ಮ ಕೀಬೋರ್ಡು, ಮೌಸು ಅವನ ಕೈಗೆ ಹೋದಂತೆ.

ಇತ್ತೀಚಿನ ಇನ್ನೊಂದು ಆಟ: 'ನೀವು ರೋಬೋಟ್ ಅಲ್ಲವೆಂದು ತೋರಿಸಿ' ಎನ್ನುವ ಪುಟ ಮೊದಲು ವಿಂಡೋಸ್ ಕೀ ಮತ್ತು ಆರ್, ಆಮೇಲೆ ಕಂಟ್ರೋಲ್ ಮತ್ತು ವಿ, ಆಮೇಲೆ ಎಂಟರ್ ಒತ್ತಿ ಎನ್ನುತ್ತದೆ. ಹಾಗೆ ಒತ್ತಿದರೆ ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟ ಆಜ್ಞೆಯನ್ನು ನೀವೇ ಓಡಿಸಿದಂತೆ. ಯಾವ ಅಸಲಿ ತಾಣವೂ ಹೀಗೆ ಕೇಳುವುದಿಲ್ಲ.

ಕ್ರ್ಯಾಕ್ ಮಾಡಿದ ಲೆಕ್ಕಪತ್ರದ ಸಾಫ್ಟ್‌ವೇರ್, ಫೋಟೋ ಎಡಿಟರ್, ವಿಂಡೋಸ್ ಆ್ಯಕ್ಟಿವೇಟರ್‌ಗಳ ಬಗ್ಗೆ ಹೇಳಬೇಕಾದ್ದು ಒಂದೇ. ಅವು ಪಾಸ್‌ವರ್ಡ್ ಹಾಕಿದ ಜಿಪ್ ಆಗಿ ಬರುವುದಕ್ಕೆ ಕಾರಣವಿದೆ: ಬೀಗ ಹಾಕಿದ ಚೀಲದೊಳಗೆ ಆ್ಯಂಟಿವೈರಸ್ ಕೈ ಹಾಕಲಾರದು. ತೆರೆಯುವ ಮೊದಲು ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡಿ ಎಂಬ ಸೂಚನೆಯೂ ಜೊತೆಗಿರುತ್ತದೆ. ಗಂಜಿನ ಅಡತಿ ಅಂಗಡಿಯ ತೊಗರಿ ಲೆಕ್ಕ, ಜಿಎಸ್‌ಟಿ, ನೆಟ್ ಬ್ಯಾಂಕಿಂಗ್ ಮೂರೂ ಒಂದೇ ಸಿಸ್ಟಂನಲ್ಲಿ ಇದ್ದು ಅದರಲ್ಲಿ ಆ್ಯಕ್ಟಿವೇಟರ್ ಓಡಿಸುವುದು ಗಲ್ಲಾಪೆಟ್ಟಿಗೆಯ ಕೀಲಿ ದಾರಿಹೋಕನಿಗೆ ಕೊಟ್ಟ ಹಾಗೆ. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನೂ ನಿಮ್ಮ ಲಾಗಿನ್ ನೆನಪಿಟ್ಟುಕೊಳ್ಳುವ ಕುಕಿಗಳನ್ನೂ ನಿಮಿಷದೊಳಗೆ ಕದ್ದು ಕಳಿಸುವ ಪ್ರೋಗ್ರಾಂಗಳು ಈ ದಾರಿಯಲ್ಲೇ ಹೆಚ್ಚಾಗಿ ಬರುತ್ತವೆ.

ಫೈಲ್ ಇಳಿದ ಮೇಲೆ, ತೆರೆಯುವ ಮೊದಲು

ಸೈಜ್ ನೋಡಿ. ವಿಎಲ್‌ಸಿ ಇನ್‌ಸ್ಟಾಲರ್ 40 ಎಂಬಿ ಆಸುಪಾಸು, ಲಿಬ್ರೆ ಆಫೀಸ್ 350 ಎಂಬಿ ಆಸುಪಾಸು. ಅವುಗಳ ಹೆಸರಿನಲ್ಲಿ 2 ಎಂಬಿ ಫೈಲ್ ಬಂದರೆ ಅದು ಬೇರೆಯವರ 'ಡೌನ್‌ಲೋಡರ್', ಅಳಿಸಿಬಿಡಿ. ಕ್ರೋಮ್‌ನ ಅಸಲಿ ಸೆಟಪ್ಪೇ ಚಿಕ್ಕದು, ಉಳಿದದ್ದನ್ನು ಆಮೇಲೆ ನೆಟ್‌ನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಚಿಕ್ಕದೆಲ್ಲ ಕೆಟ್ಟದ್ದಲ್ಲ.

ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, 'ಡಿಜಿಟಲ್ ಸಿಗ್ನೇಚರ್ಸ್'. ಅಲ್ಲಿ ತಯಾರಕರ ಹೆಸರಿರಬೇಕು. ವಿಎಲ್‌ಸಿಗೆ ವಿಡಿಯೋಲ್ಯಾನ್ ಎಂದಿರುತ್ತದೆ. ಸಂಬಂಧವಿಲ್ಲದ ಯಾವುದೋ ಕಂಪನಿಯ ಹೆಸರಿದ್ದರೆ ಅದು ಹೊದಿಕೆ ಹಾಕಿದ ಇನ್‌ಸ್ಟಾಲರ್. ಆ ಟ್ಯಾಬೇ ಇಲ್ಲದಿದ್ದರೆ ಸಹಿ ಇಲ್ಲ ಎಂದರ್ಥ. ಸೆವೆನ್-ಜಿಪ್‌ನ ಅಸಲಿ ಇನ್‌ಸ್ಟಾಲರ್‌ಗೂ ಸಹಿ ಇಲ್ಲ, ಆದ್ದರಿಂದ ಸಹಿ ಇಲ್ಲದ್ದೆಲ್ಲ ಕಳ್ಳಮಾಲು ಎನ್ನಲಾಗದು, ತಾಣವನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಅಷ್ಟೇ. ಸಹಿ ಇದ್ದೂ ಕೈಕೊಟ್ಟದ್ದೂ ಇದೆ. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಸಿಕ್ಲೀನರ್ ತಂತ್ರಾಂಶದ 5.33 ಆವೃತ್ತಿಯೊಳಗೆ ದಾಳಿಕೋರರು ತಮ್ಮ ಕೋಡ್ ತೂರಿಸಿದ್ದರು. ಅಸಲಿ ತಾಣ, ಅಸಲಿ ಸಹಿ, ಆದರೂ ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಅದು ತಲುಪಿತ್ತು.

ಅನುಮಾನ ಉಳಿದರೆ ವೈರಸ್‌ಟೋಟಲ್ ತಾಣಕ್ಕೆ ಫೈಲ್ ಹಾಕಿ. 650 ಎಂಬಿವರೆಗೆ ತೆಗೆದುಕೊಳ್ಳುತ್ತದೆ, ಎಪ್ಪತ್ತರ ಸುಮಾರು ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ತಪಾಸಣೆ ಮಾಡಿಸುತ್ತದೆ. ಹೆಸರೇ ಕೇಳದ ಒಂದೆರಡು ಎಂಜಿನ್‌ಗಳು ಮಾತ್ರ ಕೆಂಪು ತೋರಿಸಿದರೆ ಅದು ಸುಳ್ಳು ಗಂಟೆ ಇರಬಹುದು. ಹತ್ತಾರು ತೋರಿಸಿದರೆ, ಅಥವಾ 'ಪಿಯುಎ' (ಬೇಡದ ಆ್ಯಪ್), 'ಆ್ಯಡ್‌ವೇರ್' (ಜಾಹೀರಾತಿನದು), 'ಬಂಡ್ಲರ್' (ಜೊತೆಗೆ ಕಟ್ಟಿ ತರುವುದು) ಎಂಬ ಪದಗಳು ಮತ್ತೆ ಮತ್ತೆ ಕಂಡರೆ ಫೈಲನ್ನು ಬಿಟ್ಟುಬಿಡಿ. ಅಲ್ಲಿ ಹಾಕಿದ್ದು ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ. ಸೆಟಪ್ ಫೈಲ್ ಹಾಕಿ, ಗಿರಾಕಿಯ ಆಧಾರ್ ಪಿಡಿಎಫ್ ಹಾಕಬೇಡಿ.

ಇನ್‌ಸ್ಟಾಲ್: ಒಂದೊಂದೇ ಪರದೆ

ಡಬಲ್ ಕ್ಲಿಕ್ ಮಾಡಿದಾಗ ನೀಲಿ ಪರದೆ ಬಂದು 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂದರೆ ಅದು ಸ್ಮಾರ್ಟ್‌ಸ್ಕ್ರೀನ್, ಅಪರಿಚಿತ ಫೈಲ್ ತಡೆಯುವ ವಿಂಡೋಸ್‌ನದೇ ಕಾವಲು. 'ಮೋರ್ ಇನ್ಫೋ' ಒತ್ತಿ ಪಬ್ಲಿಷರ್ ಹೆಸರು ಓದಿ. 'ರನ್ ಎನಿವೇ' ಒತ್ತುವುದು ಆಮೇಲಿನ ಮಾತು. ನಂತರ ಅಡ್ಮಿನ್ ಒಪ್ಪಿಗೆ ಕೇಳುವ ಪೆಟ್ಟಿಗೆ ಬರುತ್ತದೆ. ಅದರ ಮೇಲ್ಪಟ್ಟಿ ನೀಲಿಯಿದ್ದರೆ ಸಹಿ ಇದೆ, ಹಳದಿಯಿದ್ದರೆ ಸಹಿ ಇಲ್ಲ.

ಇನ್ನು ಅಸಲಿ ಜಾಗ. ಮೊದಲ ಪರದೆ ಸ್ವಾಗತ, ಎರಡನೆಯದು ಆ ಸಾಫ್ಟ್‌ವೇರಿನದೇ ಲೈಸೆನ್ಸ್. ಅದನ್ನು ಒಪ್ಪದಿದ್ದರೆ ಇನ್‌ಸ್ಟಾಲ್ ಆಗುವುದಿಲ್ಲ, ಹಾಗಾಗಿ 'ಐ ಅಗ್ರೀ' ಒತ್ತುತ್ತೀರಿ. ಮೂರನೆಯದೂ ನೋಡಲು ಥೇಟ್ ಹಾಗೇ: ಅದೇ ಬಣ್ಣ, ಉದ್ದನೆಯ ಬರಹ, ಕೆಳಗೆ 'ಅಕ್ಸೆಪ್ಟ್', 'ಡಿಕ್ಲೈನ್'. ಬೆರಳು ತಾನಾಗಿ 'ಅಕ್ಸೆಪ್ಟ್' ಕಡೆ ಹೋಗುತ್ತದೆ. ಮೇಲಿನ ಸಾಲು ಓದಿದರೆ ಬೇರೆ ಯಾವುದೋ ಬ್ರೌಸರಿನದೋ ಆ್ಯಂಟಿವೈರಸ್‌ನದೋ ಹೆಸರಿರುತ್ತದೆ. ಇಲ್ಲಿ 'ಡಿಕ್ಲೈನ್' ಒತ್ತಿದರೆ ಇನ್‌ಸ್ಟಾಲ್ ನಿಂತುಹೋದೀತು ಎಂಬ ಹೆದರಿಕೆಯೇ ಅವರ ಬಂಡವಾಳ. ನಿಲ್ಲುವುದಿಲ್ಲ. ಆ ಕೊಡುಗೆಯಷ್ಟೇ ಬೇಡವಾಗಿ ನೀವು ಕೇಳಿದ ಸಾಫ್ಟ್‌ವೇರ್ ಮುಂದುವರಿಯುತ್ತದೆ. ನಿಂತೇ ಹೋಯಿತು ಎಂದಾದರೆ ಆ ಇನ್‌ಸ್ಟಾಲರ್ ಇರುವುದೇ ಕಸ ತುಂಬಲಿಕ್ಕೆ.

'ರೆಕಮೆಂಡೆಡ್' ಮತ್ತು 'ಕಸ್ಟಮ್' ಎಂಬ ಎರಡು ಆಯ್ಕೆ ಬಂದರೆ ಯಾವಾಗಲೂ ಕಸ್ಟಮ್. ಅದನ್ನು ಬೂದು ಬಣ್ಣದಲ್ಲಿ ಮಂಕಾಗಿಸಿ ಒತ್ತಲು ಬರದಂತೆ ತೋರಿಸುವುದುಂಟು; ಒತ್ತಿ ನೋಡಿ, ಒತ್ತುತ್ತದೆ. ಒಳಗೆ ಮೊದಲೇ ಹಾಕಿಟ್ಟ ಟಿಕ್‌ಗಳನ್ನೆಲ್ಲ ತೆಗೆಯಿರಿ. ಒಂದೊಂದು ಕಡೆ ಮಾತು ತಿರುಗಿಸಿರುತ್ತಾರೆ, 'ಇದು ಬೇಡವಾದರೆ ಟಿಕ್ ಹಾಕಿ' ಅಂತ. ಕೊನೆಯ 'ಫಿನಿಶ್' ಪರದೆಯಲ್ಲೂ ಹೋಮ್‌ಪೇಜ್ ಬದಲಿಸುವ ಒಂದು ಟಿಕ್ ಅಡಗಿರಬಹುದು.

ಇಷ್ಟೆಲ್ಲ ಕಾಯುವ ತಾಳ್ಮೆ ಇಲ್ಲದವರಿಗೆ ಎರಡು ಒಳದಾರಿಗಳಿವೆ. ನಿನೈಟ್ ತಾಣದಲ್ಲಿ ಬೇಕಾದ ಉಚಿತ ಸಾಫ್ಟ್‌ವೇರ್‌ಗಳಿಗೆ ಟಿಕ್ ಹಾಕಿ ಒಂದೇ ಇನ್‌ಸ್ಟಾಲರ್ ಇಳಿಸಿಕೊಂಡರೆ, ಟೂಲ್‌ಬಾರ್‌ಗಳಿಗೆಲ್ಲ ಅದೇ 'ಬೇಡ' ಎಂದು ಹೇಳಿ ಮುಗಿಸುತ್ತದೆ. ಹೊಸ ಸಿಸ್ಟಂ ಸಜ್ಜು ಮಾಡುವ ಅಂಗಡಿಯವರಿಗೆ ಇದು ಲೇಸು. ಇನ್ನೊಂದು ವಿಂಡೋಸ್‌ನದೇ ವಿನ್‌ಗೆಟ್. ಟರ್ಮಿನಲ್ ತೆರೆದು ಇಂಗ್ಲಿಷಿನಲ್ಲಿ ವಿನ್‌ಗೆಟ್, ಸರ್ಚ್, ಸಾಫ್ಟ್‌ವೇರಿನ ಹೆಸರು ಎಂದು ಬರೆದರೆ ಪಟ್ಟಿ ಬರುತ್ತದೆ. ಅದರಲ್ಲಿರುವ ಐಡಿಯನ್ನು ನೋಡಿಕೊಂಡು, ಸರ್ಚ್ ಬದಲು ಇನ್‌ಸ್ಟಾಲ್ ಎಂದು ಬರೆದು ಆ ಐಡಿ ಕೊಡಿ.

ಈಗಾಗಲೇ ನುಸುಳಿದ್ದರೆ

ಕ್ರ್ಯಾಕ್ ಓಡಿಸಿದ ಮೇಲೆ, ಅಥವಾ ಯಾರಿಗೋ ರಿಮೋಟ್ ಕೊಟ್ಟ ಮೇಲೆ ಕೆಟ್ಟಿದ್ದರೆ ಮೊದಲು ನೆಟ್ ಕಡಿಯಿರಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಅದೇ ಸಿಸ್ಟಂನಿಂದ ಬೇಡ. ಎಲ್ಲ ಕಡೆಯಿಂದ ಲಾಗ್‌ಔಟ್ ಆಗುವ ಆಯ್ಕೆಯನ್ನೂ ಒತ್ತಿ, ಕದ್ದ ಕುಕಿ ಸಾಯುವುದು ಆಗಲೇ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ನಂತರ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಿ.

ಬರೀ ಜಾಹೀರಾತಿನ ಕಾಟವಾದರೆ ಅವಸರವಿಲ್ಲ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ನಲ್ಲಿ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನ ಬಂದವೆಲ್ಲ ಒಟ್ಟಿಗೆ ಕೂತಿರುತ್ತವೆ. ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ, ನಡುವೆ ಬರುವ ಪ್ರಶ್ನೆಗಳನ್ನು ಓದಿ: ದೊಡ್ಡ ಬಣ್ಣದ ಗುಂಡಿಯಲ್ಲಿ 'ಉಳಿಸಿಕೊಳ್ಳಿ' ಎಂದಿದ್ದು, 'ತೆಗೆಯಿರಿ' ಎಂಬುದು ಮೂಲೆಯಲ್ಲಿ ಇರುತ್ತದೆ. ಟ್ರಯಲ್ ಆ್ಯಂಟಿವೈರಸ್ ಬಂದಾಗ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದರೆ ತಾನೇ ಮರಳುತ್ತದೆ, ಮರಳಿತೇ ಎಂದು ವಿಂಡೋಸ್ ಸೆಕ್ಯೂರಿಟಿಯಲ್ಲಿ ನೋಡಿ.

ಆಮೇಲೆ ಬ್ರೌಸರ್. ಎಕ್ಸ್‌ಟೆನ್ಷನ್‌ಗಳಲ್ಲಿ ನೀವು ಹಾಕದ್ದನ್ನು ತೆಗೆಯಿರಿ, ಸರ್ಚ್ ಎಂಜಿನ್ ಮತ್ತು ಸ್ಟಾರ್ಟಪ್ ಪುಟ ಸರಿಪಡಿಸಿ. ಪರದೆಯ ಬಲಮೂಲೆಯಲ್ಲಿ 'ನಿಮ್ಮ ಪಿಸಿಗೆ ವೈರಸ್' ಎಂದು ಪುಟಿಯುವ ಚೀಟಿಗಳು ಬಹಳ ಸಲ ವೈರಸ್ಸೇ ಅಲ್ಲ, ಯಾವುದೋ ತಾಣಕ್ಕೆ ನೋಟಿಫಿಕೇಷನ್ 'ಅಲೋ' ಒತ್ತಿದ ಫಲ. ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಆ ತಾಣವನ್ನು ಅಳಿಸಿದರೆ ಅಲ್ಲಿಗೆ ನಿಲ್ಲುತ್ತದೆ. ತೆಗೆದ ಎಕ್ಸ್‌ಟೆನ್ಷನ್ ಮರುದಿನ ಮತ್ತೆ ಬಂದಿದ್ದರೆ ಸಿಂಕ್ ಮೇಲೆ ಕಣ್ಣಿಡಿ: ಅದೇ ಜಿಮೇಲ್ ಹಾಕಿದ ಇನ್ನೊಂದು ಕಂಪ್ಯೂಟರಿನಿಂದ ಇಳಿಯುತ್ತಿದೆ, ಅಲ್ಲೂ ತೆಗೆಯಬೇಕು. ಸ್ವಂತ ಸಿಸ್ಟಂನ ಕ್ರೋಮ್ ಮೆನುವಿನಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಎಂದಿದ್ದು ಎಕ್ಸ್‌ಟೆನ್ಷನ್ ತೆಗೆಯಲು ಬಿಡದಿದ್ದರೆ ಕಸವು ಪಾಲಿಸಿ ಹಾಕಿ ಬೀಗ ಜಡಿದಿರುವ ಸಂಭವ ಹೆಚ್ಚು. ಮಾಲ್‌ವೇರ್‌ಬೈಟ್ಸ್ ಕಂಪನಿಯ ಉಚಿತ ಆ್ಯಡ್‌ಡಬ್ಲ್ಯೂಕ್ಲೀನರ್ ಇಂಥದ್ದಕ್ಕೇ ಇರುವುದು, ಅದನ್ನೂ ಅವರ ತಾಣದಿಂದಲೇ ಇಳಿಸಿ.

ಬೇರು ಉಳಿಯುವ ಜಾಗ ಇನ್ನೂ ಮೂರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು 'ಸ್ಟಾರ್ಟಪ್ ಆ್ಯಪ್ಸ್'ನಲ್ಲಿ ನೀವು ಹಾಕದ್ದು ಇದೆಯೇ ನೋಡಿ. ಟಾಸ್ಕ್ ಶೆಡ್ಯೂಲರ್: ದಿನಕ್ಕೊಮ್ಮೆ ಬ್ರೌಸರ್ ತಾನೇ ತೆರೆದು ಜಾಹೀರಾತು ತೋರಿಸುತ್ತಿದ್ದರೆ ಇಲ್ಲೇ ಹುಡುಕಿ, 'ಆ್ಯಕ್ಷನ್ಸ್' ಟ್ಯಾಬ್‌ನಲ್ಲಿ ತಾಣದ ವಿಳಾಸ ಸಿಗುತ್ತದೆ. ಮೂರನೆಯದು ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ (ನಿಮ್ಮ ನೆಟ್ ಸಂಪರ್ಕವನ್ನು ನಡುವೆ ಬೇರೊಂದು ಕಡೆ ಹಾಯಿಸುವ ಸೆಟ್ಟಿಂಗ್). ಕಸ ತೆಗೆದ ಮೇಲೆ ನೆಟ್ಟೇ ಬರುತ್ತಿಲ್ಲವೆಂದರೆ ಅದು ಬಿಟ್ಟುಹೋದ ಪ್ರಾಕ್ಸಿ ಇನ್ನೂ ಆನ್ ಇರುತ್ತದೆ. ಸಿಮ್ ರೀಚಾರ್ಜ್, ರೌಟರ್ ಎಂದು ಪರದಾಡುವ ಮೊದಲು ಇದನ್ನು ಆಫ್ ಮಾಡಿ.

ಕೊನೆಗೆ ವಿಂಡೋಸ್ ಸೆಕ್ಯೂರಿಟಿಯ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಸಿಸ್ಟಂ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ, ಹದಿನೈದು ನಿಮಿಷ ಹಿಡಿಯುತ್ತದೆ. ತೆರೆದಿಟ್ಟ ಕೆಲಸ ಸೇವ್ ಮಾಡಿ. ಯುಪಿಎಸ್ ಇಲ್ಲದ ಕಡೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಹಚ್ಚಿ.

ಇಷ್ಟಾದರೂ ಬಿಡದಿದ್ದರೆ 'ರೀಸೆಟ್ ದಿಸ್ ಪಿಸಿ'. ಬ್ಯಾಕಪ್‌ಗೆ ಫೋಟೋ, ದಾಖಲೆ, ಲೆಕ್ಕದ ಡೇಟಾ ಮಾತ್ರ. ಡೌನ್‌ಲೋಡ್ಸ್ ಫೋಲ್ಡರಿನ ಹಳೆಯ ಸೆಟಪ್ ಫೈಲುಗಳನ್ನು ಒಯ್ದರೆ ಕಸವನ್ನು ಬೆನ್ನಿಗೆ ಕಟ್ಟಿಕೊಂಡು ಹೋದಂತೆ. ಹೊಸದಾಗಿ ಇಳಿಸಿದ ಶುದ್ಧ ಸೆಟಪ್‌ಗಳಿಗೆ ಪೆನ್‌ಡ್ರೈವ್ ಬೇರೆಯೇ ಇಡಿ, ಗಿರಾಕಿಗಳ ಫೈಲ್ ಓಡಾಡುವ ಪೆನ್‌ಡ್ರೈವ್ ಅದಾಗಬಾರದು. ಫೋಲ್ಡರಿನ ಹೆಸರಲ್ಲೇ ಇಳಿಸಿದ ತಿಂಗಳು, ವರ್ಷ ಬರೆಯಿರಿ. ಆರು ತಿಂಗಳು ದಾಟಿದ ಬ್ರೌಸರ್ ಸೆಟಪ್ಪನ್ನು ಅಳಿಸಿ ಹೊಸದು ಇಳಿಸಿ.